ಕೋಳಿ ಸಿನಿಮಾಕ್ಕೆ ಅಡ್ಡ ಬಂದ ಭೀಮಣ್ಣ

ಠಾಣೆ ಹತ್ತಿರದ ಕಲ್ಯಾಣದ ನಮ್ಮ ಬಿಲ್ಡಿಂಗಿನಲ್ಲಿ ಯಾರೋ ಹುಂಜ ಸಾಕಿದ್ದಾರೆ. ಯಾವ ಮಾಳಿಗೆಯವರೆಂದು ಇನ್ನೂ ಪತ್ತೆಯಾಗಿಲ್ಲ. ಸೊಸೈಟಿಯವರು ಲಿಫ್ಟಿನ ಪಕ್ಕ ನೋಟೀಸು ಹಚ್ಚಿದ್ದಾರೆ; ಸೆಕ್ರೆಟರಿ ಸಂಜೆ ಹೊತ್ತು ಅಂಗಳದಲ್ಲಿ ನಿಂತು ಒಂದೊಂದೇ ಬಾಲ್ಕನಿಯನ್ನು ಕತ್ತೆತ್ತಿ ನೋಡುತ್ತಾರೆ. ಹುಂಜ ಮಾತ್ರ ಬೆಳಿಗ್ಗೆ ನನ್ನ ಚಾ ಕುದಿಯುವ ಹೊತ್ತಿಗೆ ಕೂಗಿ, ಮತ್ತೆ ಇಡೀ ದಿನ ಮರ್ಯಾದಸ್ಥರಂತೆ ಸುಮ್ಮನಿರುತ್ತದೆ. ಆ ಕೂಗು ಕೇಳಿದೊಡನೆ ನನಗೆ ಗ್ಯಾಸು ಆರಿಸುವುದು ಮರೆತುಹೋಗುತ್ತದೆ. ಚಾ ಎಷ್ಟು ಸಲ ಉಕ್ಕಿತೋ ಲೆಕ್ಕವಿಲ್ಲ.

ಕಾರಣ ಹೇಳುತ್ತೇನೆ, ನಗಬೇಡಿ. ನಾನು ಒಂದು ಕಾಲದಲ್ಲಿ ಸಿನಿಮಾ ಮಾಡಿದವಳು. ಇಪ್ಪತ್ತೆರಡು ನಿಮಿಷದ ಸಿನಿಮಾ. ಅದರಲ್ಲಿ ಇದ್ದದ್ದು ಬರೀ ಕೋಳಿಗಳು.

ತೊಂಬತ್ತರ ದಶಕದ ನಡು. ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಡೊಂಬಿವಲಿಯಲ್ಲಿ ಸೋದರಮಾವನ ಮನೆಯಲ್ಲಿ ವಾಸ. ಮಾಮನದು ಮದುವೆ ವೀಡಿಯೋ ತೆಗೆಯುವ ಸ್ಟುಡಿಯೋ. ಆಷಾಢದಿಂದ ಮುಂದೆ ನಾಲ್ಕು ತಿಂಗಳು ಅಲ್ಲಿಯ ಮರಾಠಿ ಮಂದಿಯಲ್ಲಿ ಮದುವೆಗಳಿಲ್ಲ. ಆಗ ಅವರ ದೊಡ್ಡ ಕ್ಯಾಮರಾ ಅತ್ತೆಯ ಹಳೆ ಸೀರೆ ಸುತ್ತಿಕೊಂಡು ಕಪಾಟಿನ ಮೇಲೆ ಮಲಗಿರುತ್ತಿತ್ತು. ನಾನು ಎರಡು ತಿಂಗಳು ಭಾನುವಾರದ ಫಿಲ್ಮ್ ಕ್ಲಾಸಿಗೆ ಹೋಗಿ, ಲೋಕವನ್ನು ಹೇಗೆ ನೋಡಬೇಕೆಂದು ನನಗೊಬ್ಬಳಿಗೇ ಗೊತ್ತು ಎಂಬ ಭ್ರಮೆಯಲ್ಲಿದ್ದೆ. ಒಮ್ಮೆ ಆಫೀಸಿನ ಕಾಗದ ಕೊಡಲು ರಬಾಳೆಗೆ ಹೋದಾಗ ಬಸ್ಸಿನ ಕಿಟಕಿಯಿಂದ ಕೂಲಿಕಾರರ ಒಂದು ಸಾಲು ಕೋಣೆಗಳನ್ನು ಕಂಡೆ. ಹಿಂದೆ ಕಾರ್ಖಾನೆಯ ಉದ್ದನೆಯ ಗೋಡೆ. ಗೋಡೆಗೂ ಕೋಣೆಗಳಿಗೂ ನಡುವೆ ಆರಡಿ ಜಾಗ. ಅದರಲ್ಲಿ ಜಿನುಗುವ ಮಳೆ, ಮಳೆಯಲ್ಲಿ ಕೋಳಿಗಳು. ಚಿಮಣಿಯ ಹೊಗೆ ಮೇಲೇರಲಾರದೆ ತಗ್ಗಿ ಬಂದು ಅವುಗಳ ಬೆನ್ನು ಸವರಿ ಹೋಗುತ್ತಿತ್ತು. ಅವು ಯಾವುದೋ ಊರಿನ ನೆನಪಿನಲ್ಲಿ ಓಡಾಡುತ್ತಿವೆ ಎನಿಸಿತು ನನಗೆ.

ಮನೆಗೆ ಬಂದು ಮಾಮನಲ್ಲಿ ಕ್ಯಾಮರಾ ಕೇಳಿದೆ.

"ಕೋಳಿಯದ್ದಾ?" ಎಂದರು ಮಾಮ. "ಎಂತ ಮಾರಾಯ್ತಿ, ನಮ್ಮಲ್ಲಿ ಕೋಳಿಯನ್ನು ತಿನ್ನುವುದುಂಟು. ಕೂತು ನೋಡುವುದುಂಟಾ?"

ಆದರೂ ಕೊಟ್ಟರು. ಕೆಲವು ಕ್ಯಾಸೆಟ್ಟುಗಳನ್ನೂ ಕೊಟ್ಟರು, ಕೆಲಸ ಮುಗಿದ ಮೇಲೆ ವಾಪಸು ಮಾಡಬೇಕೆಂಬ ಕರಾರಿನ ಮೇಲೆ.

ಹೀಗೆ ಪ್ರತಿ ಭಾನುವಾರ ಕ್ಯಾಮರಾವನ್ನು ಅಕ್ಕಿಚೀಲದಲ್ಲಿ ಹಾಕಿಕೊಂಡು, ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಠಾಣೆಯವರೆಗೆ, ಅಲ್ಲಿಂದ ಬಸ್ಸಿನಲ್ಲಿ ರಬಾಳೆಗೆ. ಕೋಳಿಗಳ ಒಡತಿ ಮಹಾದೇವಿ, ವಿಜಯಪುರದ ಕಡೆಯವಳು. ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ಊರಿಂದ ಬುಟ್ಟಿಯಲ್ಲಿ ತಂದ ಎರಡು ಹೇಂಟೆಗಳಿಂದ ಅಷ್ಟು ಸಂಸಾರ ಬೆಳೆಸಿದ್ದಳು.

"ಏನ್ರೀ ಅಕ್ಕಾರ, ಮಂದಿ ಬಿಟ್ಟು ಕೋಳಿ ಸಿನಿಮಾ ತಗೀತೀರಿ? ಇವಕ್ಕ ಹಾಡು ಬರೂದಿಲ್ಲ, ಕುಣಿಯಾಕೂ ಬರೂದಿಲ್ಲ," ಎಂದು ನಕ್ಕಳು. ಆದರೆ ಮರುವಾರ ಹೋದಾಗ ಅಂಗಳ ಗುಡಿಸಿ, ಬುಟ್ಟಿ ತೊಳೆದಿಟ್ಟಿದ್ದಳು.

ಕೋಳಿಯನ್ನು ಬಹಳ ಹೊತ್ತು ನೋಡಿದ್ದೀರಾ? ನೋಡಿ. ಮಳೆ ಬಂದಾಗ ಒಂದು ಕಾಲೆತ್ತಿ ನಿಂತು, ಎತ್ತಿದ ಕಾಲನ್ನು ಯಾಕೆ ಎತ್ತಿದೆನೆಂದು ಮರೆತಂತೆ ಇರುತ್ತದೆ. ಕಾವಿಗೆ ಕೂತ ಕೋಳಿಯ ಕಣ್ಣಿಗೆ ಎದುರಿಗಿದ್ದವರು ಕಾಣುವುದೇ ಇಲ್ಲ. ಅದರ ಮುಂದೆ ಕೂತು ಕೂತು, ಕ್ಯಾಮರಾದ ಸಣ್ಣ ಗುರ್ರೆನ್ನುವ ಸದ್ದಿಗೆ ನನಗೇ ಜೊಂಪು ಹತ್ತುತ್ತಿತ್ತು.

ಆ ಜೊಂಪು ಹರಿಸುತ್ತಿದ್ದವನು ಭೀಮಣ್ಣ, ಮಹಾದೇವಿಯ ಗಂಡ. ಪಕ್ಕದ ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ, ಭಾನುವಾರ ರಜೆ. ರಜೆಯ ದಿನ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಜೋಳದ ನುಚ್ಚು ಹಿಡಿದು ಬಂದು, ಸರಿಯಾಗಿ ನನ್ನ ಚೌಕಟ್ಟಿನ ನಡುವೆ ನಿಂತು, ಫೋಟೋಕ್ಕೆ ನಿಂತವನಂತೆ ಉಸಿರು ಬಿಗಿಹಿಡಿಯುತ್ತಿದ್ದ. ನನಗೆ ರೇಗುತ್ತಿತ್ತು. ಕ್ಲಾಸಿನಲ್ಲಿ ಹೇಳಿಕೊಟ್ಟ ಪ್ರಕಾರ ನನ್ನ ಸಿನಿಮಾದಲ್ಲಿ ಮನುಷ್ಯರು ಇರಕೂಡದು, ಕೋಳಿಗಳ ಲೋಕ ಮಾತ್ರ ಇರಬೇಕು.

"ಅಣ್ಣ, ಸ್ವಲ್ಪ ಆಚೆ ಹೋಗ್ತೀರಾ?" ಎನ್ನುತ್ತಿದ್ದೆ. ಅಷ್ಟು ದೊಡ್ಡ ಆಳು ನಾಚಿಕೊಂಡು ಸರಿಯುತ್ತಿದ್ದ. ಮತ್ತೆ ಹತ್ತು ನಿಮಿಷಕ್ಕೆ ಬರುತ್ತಿದ್ದ. ನಾಲ್ಕು ತಿಂಗಳಲ್ಲಿ ಎಷ್ಟು ಸಲ ಅವನನ್ನು ಆಚೆ ಕಳಿಸಿದೆನೋ!

ಎಡಿಟಿಂಗಿನಲ್ಲಿ ಅವನಿದ್ದ ತುಣುಕುಗಳನ್ನೆಲ್ಲ ಬಿಟ್ಟೆ. ಡೊಂಬಿವಲಿಯಲ್ಲಿ ನಮ್ಮವರ ಸಂಘದ ಹಾಲಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಟೀವಿ ಇಟ್ಟು ಸಿನಿಮಾ ತೋರಿಸಿದ್ದಾಯಿತು. ಮೂವತ್ತು ಮಂದಿ ಬಂದಿದ್ದರು. ಅರ್ಧ ಜನ ಉಪ್ಪಿಟ್ಟಿಗೆ, ಉಳಿದರ್ಧ ಮಾಮನ ದಾಕ್ಷಿಣ್ಯಕ್ಕೆ. ಮಹಾದೇವಿ, ಭೀಮಣ್ಣ ಹೊಸ ಬಟ್ಟೆ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಕತ್ತಲ ಹಾಲಿನಲ್ಲಿ ಕೋಳಿಗಳು ಹೊಗೆಯೊಳಗೆ ಹೋದವು, ಬಂದವು. ಯಾರೋ ಗೊರಕೆ ಹೊಡೆದರು. ಕೊನೆಯ ಹೊತ್ತಿಗೆ ಟೀವಿಯ ಮೂಲೆಯಿಂದ, ನನ್ನ ಕತ್ತರಿಗೆ ತಪ್ಪಿದ ಒಂದು ಕೈ ಚಾಚಿ ನುಚ್ಚು ಎರಚಿತು.

"ಅದು ನಂದ ಕೈ!" ಎಂದು ಭೀಮಣ್ಣ ಎದ್ದು ನಿಂತ. ಹಾಲೆಲ್ಲ ನಕ್ಕಿತು. ಅವನೂ ನಕ್ಕ. ನಾನು ಮಾತ್ರ ಸಿಡುಕಿದೆ. ಅಷ್ಟು ಗಂಭೀರ ದೃಶ್ಯ ಹಾಳಾಯಿತಲ್ಲ ಎಂದು.

ಮರುವರ್ಷ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತಂತೆ. ಊರಿನ ಔಷಧವೇ ವಾಸಿ ಎಂದು ರೈಲು ಹತ್ತಿದವನು ಮತ್ತೆ ಬರಲಿಲ್ಲ. ನನಗೆ ಇದು ತಿಳಿದದ್ದು ಮಹಾದೇವಿ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಂತಾಗ. ಬಸುರಿ, ಏಳು ತಿಂಗಳಿರಬೇಕು. ಒಬ್ಬಳೇ ವಿಳಾಸ ಕೇಳಿಕೊಂಡು ಬಂದಿದ್ದಳು. ಅತ್ತೆ ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, ಹೇಳಿದಳು.

"ಅಕ್ಕಾರ, ಅವರದೊಂದು ಫೋಟೋ ಇಲ್ರಿ ನನ್ನ ಹತ್ರ. ನೀವು ಆಚಿ ಹೋಗು ಅಂದಾಗ ಅವ್ರು ನಿಂತಿದ್ರಲ್ಲ, ಆ ಕೆಟ್ಟ ಸಿನಿಮಾ ಐತೇನ್ರಿ?"

ಕೆಟ್ಟ ಸಿನಿಮಾ! ನಾನು ಎಸೆದ ತುಣುಕುಗಳಿಗೆ ಅವಳಿಟ್ಟ ಹೆಸರು. ಕರಾರಿನಂತೆ ಕ್ಯಾಸೆಟ್ಟುಗಳನ್ನೆಲ್ಲ ಮಾಮನಿಗೆ ವಾಪಸು ಕೊಟ್ಟಿದ್ದೆ. ಅವುಗಳ ಮೇಲೆ ಮಾಮ ಎಷ್ಟೋ ಮದುವೆ ತೆಗೆದಾಗಿತ್ತು.

ಮಾಮ ನಮ್ಮನ್ನು ಸ್ಟುಡಿಯೋಗೆ ಕರೆದೊಯ್ದರು. ಸ್ಟುಡಿಯೋದ ಬಾಗಿಲು ಹಾಕಿ, ಹಳೆ ಕ್ಯಾಸೆಟ್ಟುಗಳ ರಾಶಿ ತೆಗೆದು ಒಂದೊಂದೇ ಹಾಕತೊಡಗಿದರು. ಮೂವರೂ ಕೂತು ನೋಡಿದೆವು. ಯಾರಾರದೋ ಧಾರೆ, ಯಾರಾರದೋ ಊಟದ ಪಂಕ್ತಿ, ಗುರುತಿಲ್ಲದ ಹೆಣ್ಣುಮಕ್ಕಳು ಗುರುತಿಲ್ಲದ ಕಾರು ಹತ್ತಿ ಅಳುತ್ತಾ ಹೋದರು. ಪ್ರತಿ ಮದುವೆ ಮುಗಿದ ಮೇಲೂ ಟೇಪಿನ ಬಾಲ ಉಳಿದಿದೆಯೇ ಎಂದು ಮಾಮ ಮುಂದೆ ಓಡಿಸುತ್ತಿದ್ದರು. ಬರೀ ಬಿಳಿ ಚುಕ್ಕಿ. ಮತ್ತೊಂದು. ಮತ್ತೆ ಬಿಳಿ ಚುಕ್ಕಿ. ಮಹಾದೇವಿ ಕಣ್ಣು ಕೀಳಲಿಲ್ಲ.

ಏಳನೆಯದೋ ಎಂಟನೆಯದೋ ಇರಬೇಕು. ಮದುಮಗಳ ಕಾರು ಹೊರಟಿತು, ಚುಕ್ಕಿಗಳು ಬಂದವು, ಚುಕ್ಕಿಗಳು ಮಳೆಯಾದವು. ಮಳೆಯಲ್ಲಿ ಕೋಳಿಗಳು. ನಡುವೆ ಭೀಮಣ್ಣ, ಮುಷ್ಟಿಯಲ್ಲಿ ನುಚ್ಚು ಹಿಡಿದು, ಉಸಿರು ಬಿಗಿಹಿಡಿದು, ನೇರ ನಮ್ಮನ್ನೇ ನೋಡುತ್ತಾ.

"ಅಣ್ಣ, ಎಷ್ಟು ಸಲ ಹೇಳುವುದು? ಆಚೆ ಹೋಗಿ," ಎಂದಿತು ಒಂದು ಹರಿತವಾದ ಹೆಣ್ಣುದನಿ.

ಭೀಮಣ್ಣ ತಲೆ ತಗ್ಗಿಸಿ ನಕ್ಕ. "ಆತು ಬಿಡ್ರೀ ಅಕ್ಕಾರ, ನಾ ಸರೀತೀನಿ," ಎಂದ. ಸರಿದ. ಖಾಲಿಯಾದ ಜಾಗದಲ್ಲಿ ಕೋಳಿಗಳು ಉಳಿದವು. ನನ್ನ ಕ್ಯಾಮರಾ ಅವುಗಳನ್ನೇ ತನ್ಮಯವಾಗಿ ನೋಡುತ್ತಿತ್ತು.

ಅರ್ಧ ನಿಮಿಷವೂ ಇರಲಾರದು. ಮಹಾದೇವಿ ಸೆರಗು ಬಾಯಿಗೊತ್ತಿ, "ಇನ್ನೊಮ್ಮಿ ಹಾಕ್ರೀ ಸಾಹೇಬ್ರ," ಎಂದಳು. ಮಾಮ ಎಷ್ಟು ಸಲ ಹಾಕಿದರೋ. ಆಮೇಲೆ ಒಂದು ಹೊಸ ಕ್ಯಾಸೆಟ್ಟಿಗೆ ಆ ತುಣುಕನ್ನೇ ಒಂದರ ಹಿಂದೊಂದರಂತೆ ಇಪ್ಪತ್ತು ಸಲ ಇಳಿಸಿ ಕೊಟ್ಟರು. "ಹಿಂದೆ ತಿರುಗಿಸುವ ಕಷ್ಟ ಬೇಡ ಅವಳಿಗೆ," ಎಂದರು. ಮಹಾದೇವಿಯಿದ್ದ ಕೋಣೆಗಳ ಸಾಲಿನಲ್ಲಿ ಗಣಪತಿ ಹಬ್ಬಕ್ಕೆ ವೀಸೀಆರ್ ಬಾಡಿಗೆಗೆ ತರುತ್ತಿದ್ದರು. ಆಗ ಮೊದಲು ಭೀಮಣ್ಣನನ್ನು ನೋಡಿ, ಆಮೇಲೆ ಸಿನಿಮಾ ಹಾಕುತ್ತಿದ್ದರಂತೆ.

ನಾನು ಮತ್ತೆ ಸಿನಿಮಾ ಮಾಡಲಿಲ್ಲ. ಆ ಮದುವೆ ಕ್ಯಾಸೆಟ್ಟು ನನ್ನ ಬಳಿಯೇ ಉಳಿಯಿತು. ವರ್ಷಕ್ಕೊಮ್ಮೆ ಹಾಕಿ ನೋಡುತ್ತಿದ್ದೆ, ಸದ್ದು ಪೂರ್ತಿ ತಗ್ಗಿಸಿ. ಆ ಹರಿತವಾದ ದನಿಯನ್ನು ಕೇಳುವ ಧೈರ್ಯ ಇರಲಿಲ್ಲ.

ಹೋದ ದೀಪಾವಳಿಗೆ ಮಹಾದೇವಿಯ ಮಗಳು ಗಿರಿಜಾ ಮನೆಗೆ ಬಂದಳು. ಅಪ್ಪನ ಮುಖ ಕಾಣದೆ ಹುಟ್ಟಿದ ಕೂಸು. ಈಗ ಠಾಣೆಯಲ್ಲಿ ನರ್ಸು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವರ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, ಹಾಗಾಗಿ ನನ್ನದನ್ನು ಅಂಗಡಿಗೆ ಕೊಂಡೊಯ್ದು ಮೊಬೈಲಿಗೆ ಇಳಿಸಿಕೊಂಡು ಬಂದಳು. ನನ್ನ ಪಕ್ಕ ಕೂತು, ಸದ್ದು ಜೋರು ಮಾಡಿ ಹಾಕಿದಳು. ನಾನು ಬಳೆ ನೋಡುತ್ತಾ ಕೂತೆ.

"ಆಂಟಿ, ಯೇ ಲೇಡಿ ಕೌನ್ ಹೈ?" ಎಂದಳು, ಗದರಿಸುವ ಆ ಹೆಂಗಸು ಯಾರೆಂದು.

"ನಾನೇ ಮಗಾ," ಎಂದೆ. "ಹಾಗೆ ಗದರಿಸಬಾರದಿತ್ತು."

ಅವಳು ತುಣುಕನ್ನು ಮತ್ತೊಮ್ಮೆ ಹಾಕಿದಳು. "ಅಚ್ಛಾ ಹುವಾ ನಾ," ಎಂದಳು, ಒಳ್ಳೆಯದೇ ಆಯಿತೆಂಬಂತೆ. ನಾನು ಗದರಿಸದೇ ಇದ್ದಿದ್ದರೆ ಪಪ್ಪಾ ಸುಮ್ಮನೆ ನಿಂತಿರುತ್ತಿದ್ದರು, ಅವರ ದನಿ ಹೇಗಿತ್ತೆಂದು ತನಗೆ ಗೊತ್ತೇ ಆಗುತ್ತಿರಲಿಲ್ಲ ಎಂದಳು. ಆಮೇಲೆ ಬಹಳ ಎಚ್ಚರದಿಂದ, ಒಂದೊಂದೇ ಅಕ್ಷರ ಹಿಡಿದು, ಕನ್ನಡದಲ್ಲಿ ಹೇಳಿ ನೋಡಿದಳು: "ಆತು ಬಿಡ್ರೀ ಅಕ್ಕಾರ, ನಾ ಸರೀತೀನಿ."

ಥೇಟ್ ಅಪ್ಪ ಹೇಳಿದ ಹಾಗೆಯೇ ಇತ್ತು.

ಹೋಗುವ ಮುಂಚೆ ನನ್ನ ಮೊಬೈಲಿಗೂ ಆ ತುಣುಕು ಕಳಿಸಿದಳು. ಈಗ ಆಗಾಗ ಹಾಕಿಕೊಳ್ಳುತ್ತೇನೆ, ಸದ್ದು ತಗ್ಗಿಸದೆ.