ಕಡಲೆಕಾಯಿ ಸಿಪ್ಪೆಯ ಇದ್ದಿಲು

ಚಿಕ್ಕಂದಿನಿಂದಲೂ ಒಲೆಯ ಮೇಲಿಟ್ಟದ್ದನ್ನೆಲ್ಲ ಸೀಯಿಸುತ್ತಿದ್ದ ಅಕ್ಕನಿಗೆ ತಮ್ಮ 'ಸೀಕಲಕ್ಕ' ಎಂದು ಹೆಸರಿಟ್ಟಿದ್ದ. ಈಗ ಸುಡುವುದೇ ಅವಳ ಉದ್ಯೋಗ. ಕಡಲೆಕಾಯಿ ಸಿಪ್ಪೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಇದ್ದಿಲಾಗಿಸಿ ಸೋಡಿಯಂ ಬ್ಯಾಟರಿಗೆ ಹಾಕುತ್ತಾಳೆ. ಚಾರ್ಜ್ ಆಗುವಾಗ ಸೋಡಿಯಂ ಬಂದು ಕೂರುವುದು ಆ ಇದ್ದಿಲಿನ ಸಂದುಗಳಲ್ಲೇ. ಅವಸರಪಟ್ಟು ಉರಿ ಏರಿಸಿದ್ದರಿಂದ ಹಿಂದಿನ ಬ್ಯಾಟರಿಗಳು ಬೇಗ ಸೊರಗಿದ್ದವು.

"ಇದೂ ಕೈಕೊಟ್ರೆ ಸಿಪ್ಪೆ ಸಹವಾಸ ಬಿಟ್ಬಿಡೋಣಮ್ಮ" ಎಂದಿದ್ದರು ಲ್ಯಾಬಿನ ಮೇಡಂ.

ಈ ಸಲ ಅವಳು ತಾಳ್ಮೆಯಿಂದ ನಿಧಾನವಾಗಿ ಕಾಯಿಸಿದ್ದಳು. ಸಾವಿರ ಸಲ ದಡಬಡ ಚಾರ್ಜ್ ಮಾಡಿದರೂ ಬ್ಯಾಟರಿ ಜಗ್ಗಲಿಲ್ಲ. ಸಿಪ್ಪೆ ಉಳಿಯಿತು!

ಮನೆಗೆ ಓಡಿಬಂದವಳೇ ಒಲೆಯ ಮೇಲೆ ಹಾಲಿಟ್ಟು, ಅಮ್ಮನಿಗೆ ಕಣ್ಣರಳಿಸಿಕೊಂಡು ಎಲ್ಲ ಹೇಳಿದಳು. ಹಾಲು ತಳ ಹತ್ತಿದ್ದು ವಾಸನೆ ಮೂಗಿಗೆ ಬಡಿದ ಮೇಲೆಯೇ ಗೊತ್ತಾದದ್ದು.

"ಗೆದ್ದೆ, ಒಪ್ಪಿದೆ ಕಣೇ," ಅಮ್ಮ ಪಾತ್ರೆ ಇಳಿಸುತ್ತ ನಕ್ಕಳು. "ಇದಕ್ಕೂ ಸಂಬಳ ಕೊಡ್ತಾರಾ, ಕೇಳು!"