ದುಗ್ಗಪ್ಪನ ಮೈಕ್ ಪೆಟ್ಟಿಗೆ

ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ ದಿನ ತುಂಗಮ್ಮ ಸೊಸೆಯ ಜೊತೆ ಮಾತು ಬಿಟ್ಟಳು.

ಅದು ಮೈಕ್ ಸೆಟ್ಟಿನ ಪೆಟ್ಟಿಗೆ. ಹಾರ್ನಿಗೆ ಸದ್ದು ಕಳಿಸುವ ಆಂಪ್ಲಿಫೈಯರ್ ಇದ್ದದ್ದು ಅದರೊಳಗೆ. ಹುಂಚದಿಂದ ತೀರ್ಥಹಳ್ಳಿಯವರೆಗೆ ಮದುವೆ, ಗಣಪತಿ, ಎಲೆಕ್ಷನ್ನು, ಯಾವುದಕ್ಕೆ ಕೂಗಬೇಕಾದರೂ ಅದೇ ಕೂಗುತ್ತಿತ್ತು. ಅದರ ಹಿಂದೆ ಕೂರುತ್ತಿದ್ದವನು ತುಂಗಮ್ಮನ ದೊಡ್ಡ ಮಗ. ಊರಿಗೆಲ್ಲ ಮೈಕ್ ದುಗ್ಗಪ್ಪ. ಹೋದ ವರ್ಷ ಒಂದು ಮದುವೆ ಮನೆಯಲ್ಲಿ ಹಾರ್ನ್ ಕಟ್ಟಲು ಮಾವಿನ ಮರ ಹತ್ತಿದವನು ಕಾಲು ಜಾರಿ ಬಿದ್ದ. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು. ಹಾರ್ನ್ ಮಾತ್ರ ಮರದ ಮೇಲೆ ಅಲ್ಲಾಡದೆ ಕೂತಿತ್ತು. ಅಷ್ಟು ಗಟ್ಟಿಯಾಗಿ ಕಟ್ಟಿದ್ದ.

ಆಗಿನಿಂದ ಪೆಟ್ಟಿಗೆ ಅಟ್ಟದಲ್ಲಿತ್ತು. ಈಗ ಚಿಕ್ಕ ಮಗ ವಾಸಪ್ಪ ಅದನ್ನು ನಡೆಸುತ್ತೇನೆ ಎಂದ. ಅವನು ದುಡಿಯುತ್ತಿದ್ದ ಹೊಸನಗರದ ಅಕ್ಕಿ ಗಿರಣಿ ಮುಚ್ಚಿತ್ತು. ಅಣ್ಣನ ಜೊತೆ ಆಗೀಗ ಹೋಗಿ ವಯರು ಎಳೆದು ಗೊತ್ತಿತ್ತು. ತುಂಗಮ್ಮ ಕೂಡದು ಎಂದಳು. ಹೂವಮ್ಮ ಆಗಲಿ ಎಂದಳು. ದುಗ್ಗಪ್ಪನ ಹೆಂಡತಿ ಅವಳು. ಮಕ್ಕಳಾಗಿರಲಿಲ್ಲ. ಆ ಪೆಟ್ಟಿಗೆ ಕೊಳೆತು ಹೋದರೆ ಅವನು ಇದ್ದ ಎಂದು ಹೇಳಲು ಇನ್ನೊಂದು ವಸ್ತು ಮನೆಯಲ್ಲಿರಲಿಲ್ಲ.

"ಒಬ್ಬ ಮಗನ್ನ ಈ ಡಬ್ಬಿಗೆ ಕೊಟ್ಟಾಯ್ತು," ಎಂದಳು ತುಂಗಮ್ಮ. "ಇನ್ನೊಬ್ಬನ್ನೂ ಕೊಡು ಅಂತೀಯೇನೇ?"

"ಅವ್ನು ಮರ ಹತ್ತಲ್ಲ ಅತ್ತೆ. ಬಿದಿರು ನೆಟ್ಟು ಹಾರ್ನ್ ಕಟ್ತಾನೆ. ನಾನೂ ಜೊತಿಗೆ ಹೋಗ್ತೀನಿ. ಏನೂ ಆಗದ ಹಾಗೆ ನೋಡ್ಕೊಳ್ತೀನಿ."

"ಆದ್ರೆ?"

"ಆಗಲ್ಲ."

"ಆದ್ರೆ ಈ ಮನೆ ಮೆಟ್ಲು ಹತ್ಬೇಡ ನೀನು."

ಹೂವಮ್ಮ ಹೂಂ ಎಂದಳು. ಆಮೇಲೆ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕೂತು ಊಟ ಮಾಡಿದರು, ಮಾತಿಲ್ಲದೆ.

ವಾಸಪ್ಪ ಒಳಗಿನ ಸಾಮಾನನ್ನೆಲ್ಲ ಬಿಚ್ಚಿ ಹೊಸನಗರದ ರೇಡಿಯೋ ರಿಪೇರಿಯವನ ಕೈಗೆ ಕೊಟ್ಟು ಬಂದ. ಬರೀ ತಗಡಿನ ಡಬ್ಬಿ ಹೂವಮ್ಮನ ಪಾಲಿಗೆ ಉಳಿಯಿತು. ಅದರೊಳಗೆ ಇಲಿ ಮರಿ ಹಾಕಿ ಹೋಗಿತ್ತು. ಹಿಂದಿನ ತಗಡು ತುಕ್ಕು ಹಿಡಿದು ಹಪ್ಪಳದ ಹಾಗೆ ಮುರಿಯುತ್ತಿತ್ತು. ಅವಳು ಅದನ್ನು ಅಂಗಳದ ಬಿಸಿಲಿಗೆ ತಂದಳು. ಒಂದು ಡಾಲ್ಡಾ ಡಬ್ಬಿಯನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಹಿಂದಕ್ಕೆ ಹೊಸ ತಗಡು ಕೂರಿಸಿದಳು. ಗಾಳಿಯಾಡುವ ಸೀಳುಗಳಿಗೆ ಒಳಗಿನಿಂದ ಕಿಟಕಿಯ ಜಾಲರಿ ಹಾಕಿದಳು. ಹಿಂದೊಮ್ಮೆ ಹಾಡು ನಡೆಯುವಾಗಲೇ ಹಲ್ಲಿ ಒಳಗೆ ಹೊಕ್ಕು ಸುಟ್ಟುಹೋಗಿ ಸೆಟ್ಟು ನಿಂತುಬಿಟ್ಟಿತ್ತು. ಹಲ್ಲಿಗೂ ಹಾಡೋ ಆಸೆ ಬಂದಿತ್ತು ಮಾರಾಯ್ರೇ ಎಂದು ದುಗ್ಗಪ್ಪ ಮದುವೆ ಮನೆಯವರನ್ನು ನಗಿಸಿದ್ದ. ಬೈಯಲು ಬಂದವರೂ ನಕ್ಕು ಹೋಗಿದ್ದರು.

ಪೆಟ್ಟಿಗೆಯ ಕೆಳಗಿನ ನಾಲ್ಕು ರಬ್ಬರ್ ಕಾಲು ಉದುರಿದ್ದವು. ಹೂವಮ್ಮ ಮನೆಯೆಲ್ಲ ಹುಡುಕಿದಳು. ಕಡೆಗೆ ಬಾಗಿಲ ಮೂಲೆಯಲ್ಲಿದ್ದ ಗಂಡನ ಹವಾಯಿ ಚಪ್ಪಲಿ ತಂದು, ಕತ್ತಿಯಲ್ಲಿ ಕೊಯ್ದು, ನಾಲ್ಕು ಚೂರು ಮಾಡಿ ಬಡಿದಳು. ತುಂಗಮ್ಮ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಮಗನ ಚಪ್ಪಲಿ ಎಂದು ಗೊತ್ತಾಯಿತು. ಎದ್ದು ಒಳಗೆ ಹೋದಳು.

ಬಣ್ಣ ಕೊಟ್ಟವನು ತೀರ್ಥಹಳ್ಳಿಯಲ್ಲಿ ಬಸ್ಸಿಗೆ ಬಣ್ಣ ಹೊಡೆಯುವ ಶ್ಯಾಮ. ಯಾವುದೋ ಬಸ್ಸಿಗೆ ತಂದು ಮಿಕ್ಕಿದ್ದ ಆಕಾಶ ನೀಲಿ. ದುಗ್ಗಪ್ಪನ ಗೆಳೆಯನಾದ್ದರಿಂದ ಸುಮ್ಮನೆ ಕೊಟ್ಟ. ತುಕ್ಕನ್ನು ಬುಡಸಮೇತ ತೆಗೆಯಬೇಕು, ಸೀಮೆಎಣ್ಣೆಯಲ್ಲಿ ಒರೆಸಬೇಕು, ಮೊದಲು ತುಕ್ಕು ತಡೆಯುವ ಕೆಂಪು ಹಚ್ಚಬೇಕು, ಅದು ಒಣಗಿದ ಮೇಲೆ ನೀಲಿ, ಒಳಮೈಗೆ ಬೇಡ, ಹೊರಗೆ ಸೂಜಿಮೊನೆಯಷ್ಟು ಜಾಗ ಬಿಟ್ಟರೂ ತುಕ್ಕು ಅಲ್ಲಿಂದಲೇ ಶುರು ಎಂದು ಹೇಳಿ ಕಳಿಸಿದ.

ಹೂವಮ್ಮ ಹಾಗೇ ಮಾಡಿದಳು. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಅವಳ ಬೆರಳ ತುದಿ ಸವೆಯಿತು. ಪೆಟ್ಟಿಗೆಯ ಮುಂದೆ ಬಿಳಿ ಅಕ್ಷರದಲ್ಲಿ ದುಗ್ಗಪ್ಪ ಮೈಕ್ ಸೆಟ್ ಎಂದು ಬರೆದಿತ್ತು. ಅಲ್ಲಿಗೆ ಉಪ್ಪುಕಾಗದ ತಾಗಿಸಲಿಲ್ಲ. ತೆಂಗಿನ ಕಡ್ಡಿಗೆ ಬಟ್ಟೆ ಸುತ್ತಿ, ಉಸಿರು ಹಿಡಿದು, ಒಂದೊಂದು ಅಕ್ಷರದ ಸುತ್ತಲೂ ನೀಲಿ ಎಳೆದಳು. ಒಂದು ಒತ್ತಿನ ಬಾಲಕ್ಕೂ ಬಣ್ಣ ತಾಗಲಿಲ್ಲ.

ಪೆಟ್ಟಿಗೆಯ ಎಡಮಗ್ಗುಲಿಗೆ, ಕೆಳಗೆ, ನಾಲ್ಕಾಣೆ ಪಾವಲಿಯಷ್ಟು ಜಾಗದಲ್ಲಿ ಮೊದಲಿನಿಂದಲೂ ಬಣ್ಣವಿರಲಿಲ್ಲ. ಸುತ್ತ ಕಂದು, ನಡುವೆ ಗೀರು ಗೀರು. ಎತ್ತಿಡುವಾಗ ಎಲ್ಲೋ ತಾಗಿ ಬಣ್ಣ ಎದ್ದಿದೆ ಎಂದುಕೊಂಡಳು. ಅದಕ್ಕೂ ಕೆಂಪು ಹಚ್ಚಿದಳು, ನೀಲಿ ಹಚ್ಚಿದಳು. ಗೀರು ಮತ್ತೂ ಕಂಡಿತು. ಅಲ್ಲಿಗೆ ಮಾತ್ರ ಇನ್ನೊಂದು ಕೈ ದಪ್ಪಗೆ ಬಳಿದಳು.

ಒಳಗಿನ ಸಾಮಾನು ರಿಪೇರಿಯಾಗಿ ಬಂತು. ವಾಸಪ್ಪ ಕೂರಿಸಿ ಸ್ಕ್ರೂ ಬಿಗಿದ. ಸ್ಕ್ರೂ ತಲೆಗಳಿಗೂ ಹೂವಮ್ಮ ಬಣ್ಣ ಮುಟ್ಟಿಸಿದಳು. ಮನೆಯಲ್ಲೇ ಹಾಕಿ ನೋಡಿದರು. ಹಲೋ ಎಂದರೆ ಗುಡ್ಡದಾಚೆ ಕೇಳಿತು. ಅಂಗಡಿಯಿಂದ ಈಗ ತಂದ ಹಾಗಿದೆ ಅತ್ತಿಗೆ ಎಂದ ವಾಸಪ್ಪ. ಅಂದಿನ ಮಟ್ಟಿಗೆ ಹೂವಮ್ಮನಿಗೆ ಅನ್ನ ರುಚಿಸಿತು.

ಮೊದಲ ಕೆಲಸ ಹುಂಚದ ಹತ್ತಿರ ಗಿರಿಯಪ್ಪನ ಮಗಳ ಮದುವೆ. ಬೆಳಗಿನ ಬಸ್ಸಿನಲ್ಲಿ ಹೂವಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಕಂಡಕ್ಟರು ಟಾಪಿಗೆ ಹಾಕಿ ಎಂದರೂ ಕೊಡಲಿಲ್ಲ. ಇಳಿದ ಮೇಲೆ ಅವಳ ದಾರಿ ಬೇರೆಯಾಯಿತು. ವಾಸಪ್ಪ ಚಪ್ಪರಕ್ಕೆ ಹೋದ. ಗಂಡ ಸತ್ತವಳು ಧಾರೆ ಮುಗಿಯುವ ಮೊದಲು ಚಪ್ಪರದೊಳಗೆ ಕಾಲಿಡುವ ಹಾಗಿಲ್ಲ. ಅವಳು ಮನೆಯನ್ನು ಬಳಸಿ ಹಿತ್ತಲಿಗೆ ಹೋಗಿ, ಅಡುಗೆಯವರ ನಡುವೆ ಸೌತೆಕಾಯಿ ಹೆಚ್ಚಲು ಕೂತಳು. ಕೂರುವಾಗ ಒಂದು ವಿಷಯ ನೋಡಿಕೊಂಡಳು. ಮನೆಯ ಮಗ್ಗುಲಿಗೆ ಕಟ್ಟಿದ್ದ ತಟ್ಟಿಯ ಸಂದಿನಿಂದ ಚಪ್ಪರದ ಮೂಲೆ ಕಾಣಬೇಕು. ಕಂಡಿತು. ನೀಲಿ ಪೆಟ್ಟಿಗೆ, ಅದರ ಪಕ್ಕ ವಾಸಪ್ಪ, ಮುಂದೆ ಕಬ್ಬಿಣದ ಕೋಲಿನ ಮೇಲೆ ಮೈಕು. ಬಿದಿರು ನೆಟ್ಟು ಹಾರ್ನ್ ಕಟ್ಟಿದ್ದ. ಮರ ಹತ್ತಿರಲಿಲ್ಲ. ಅವಳ ಎದೆ ಅರ್ಧ ಹಗುರಾಯಿತು.

ಪಕ್ಕದಲ್ಲಿ ಕೂತಿದ್ದ ಪುಷ್ಪಮ್ಮ ದುಗ್ಗಪ್ಪನ ಸುದ್ದಿ ಎತ್ತಿದಳು. ತನ್ನ ಮದುವೆಗೂ ಅವನದೇ ಮೈಕಂತೆ. ಹೂವಮ್ಮ ಕೇಳಿಸಿಕೊಳ್ಳುತ್ತಿದ್ದಳು, ಕಣ್ಣು ಸಂದಿನಲ್ಲಿತ್ತು. ವಾಸಪ್ಪ ಪ್ಲಗ್ಗನ್ನು ಬೋರ್ಡಿಗೆ ತೂರಿಸಿದ. ಸ್ವಿಚ್ಚು ಹಾಕಿದ. ಜೇಬಿನಿಂದ ಅಣ್ಣನ ಕರೆಂಟು ನೋಡುವ ಟೆಸ್ಟರ್ ತೆಗೆದು ಪೆಟ್ಟಿಗೆಯ ಮಗ್ಗುಲಿಗೆ ಮುಟ್ಟಿಸಿದ. ಟೆಸ್ಟರಿನೊಳಗಿನ ದೀಪ ಹತ್ತಲಿಲ್ಲ. ಸರಿ ಇದೆ ಎನ್ನುವ ಹಾಗೆ ತಲೆ ಆಡಿಸಿ ಟೆಸ್ಟರನ್ನು ಜೇಬಿಗೆ ಹಾಕಿಕೊಂಡ.

ಹೂವಮ್ಮನ ಕೈ ನಿಂತಿತು.

ದುಗ್ಗಪ್ಪನೂ ಹೀಗೇ ಮಾಡುತ್ತಿದ್ದ. ಹಳೇ ಸೆಟ್ಟು ಅದು. ಪ್ಲಗ್ಗು ಒಂದು ಮಗ್ಗುಲಿಗೆ ಹಾಕಿದರೆ ಸಾಧು, ತಿರುಗಿಸಿ ಹಾಕಿದರೆ ಪೆಟ್ಟಿಗೆಯ ಮೈಯೆಲ್ಲ ಕರೆಂಟು. ಮೈಕಿನ ಮೈಗೂ ಬರುತ್ತಿತ್ತು. ಯಾವ ಮನೆಯ ಬೋರ್ಡು ಹೇಗಿದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಟೆಸ್ಟರ್. ದೀಪ ಹತ್ತಿದರೆ ಪ್ಲಗ್ಗು ಕಿತ್ತು ತಿರುಗಿಸುತ್ತಿದ್ದ. ಆದರೆ ಅವನು ಟೆಸ್ಟರ್ ಇಟ್ಟಾಗ ಒಂದು ಸದ್ದು ಬರುತ್ತಿತ್ತು. ಕರ್ ಕರ್. ಬೆಕ್ಕು ತಗಡು ಪರಚಿದ ಹಾಗೆ. ಹಲ್ಲು ಜುಂ ಎನ್ನುತ್ತೆ, ಮೆಲ್ಲಗೆ ಮಾಡಬಾರದಾ ಎಂದು ಅವಳು ಎಷ್ಟು ಸಲ ಬೈದಿದ್ದಳು. ಇವತ್ತು ಆ ಸದ್ದಿಲ್ಲ. ಹಿತ್ತಲಿಗೆ ಕೇಳಲಿಲ್ಲ ಎಂದಲ್ಲ. ಟೆಸ್ಟರ್ ಜಾರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಣ್ಣೆಯ ಮೇಲೆ ಜಾರಿದ ಹಾಗೆ, ಅವಳೇ ದಪ್ಪಗೆ ಬಳಿದ ನೀಲಿಯ ಮೇಲೆ.

ಇನ್ನೊಂದು ನೆನಪಾಯಿತು. ದುಗ್ಗಪ್ಪ ಜಗಲಿಯಲ್ಲಿ ಕೂತು ಕೆಂಪು ಬಣ್ಣ ಹಚ್ಚಿದ ತಾಮ್ರದ ತಂತಿಯ ತುದಿಯನ್ನು ಬ್ಲೇಡಿನಲ್ಲಿ ಹೆರೆಯುತ್ತಿದ್ದ. ಚೆನ್ನಾಗಿರೋ ತಂತಿ ಯಾಕೆ ಕೆರೀತೀರಿ ಎಂದು ಕೇಳಿದ್ದಳು. "ಬಣ್ಣ ಇದ್ರೆ ಕರೆಂಟು ದಾಟಲ್ಲ ಹೂವಾ," ಎಂದಿದ್ದ.

ಪಾವಲಿಯಷ್ಟು ಜಾಗ. ಅದು ಬಣ್ಣ ಎದ್ದದ್ದಲ್ಲ. ಟೆಸ್ಟರ್ ಇಡಲೆಂದು ಅವನೇ ಕೆರೆದು ಇಟ್ಟುಕೊಂಡದ್ದು.

ಅವಳು ಮಡಿಲಲ್ಲಿದ್ದ ಸೌತೆಕಾಯಿ ಚೆಲ್ಲಿ ಎದ್ದಳು. ವಾಸಪ್ಪಾ ಎಂದು ಕೂಗಿದಳು. ವಾಲಗದವರು ಆಗಷ್ಟೇ ಶುರು ಮಾಡಿದ್ದರು. ಕೂಗು ತಟ್ಟಿಯನ್ನೂ ದಾಟಲಿಲ್ಲ. ಚಪ್ಪರದಲ್ಲಿ ಗಂಡಿನ ಕಡೆಯವರು ಬಂದು ನಿಂತಿದ್ದರು. ಗಿರಿಯಪ್ಪ ಬೀಗರ ಕಾಲು ತೊಳೆದು, ತಾನೂ ಕಾಲು ತೊಳೆದುಕೊಂಡು, ಒದ್ದೆ ಕಾಲಲ್ಲೇ ಬರುತ್ತಿದ್ದ. ಸಗಣಿ ಸಾರಿಸಿದ ನೆಲ ಇನ್ನೂ ಹಸಿ. ಬಂದವರನ್ನು ಮೈಕಿನಲ್ಲಿ ಕರೆಯಬೇಕೆಂದು ಅವನ ಆಸೆ. ವಾಸಪ್ಪ ಮೈಕಿನ ಎತ್ತರ ಸರಿ ಮಾಡಲು ಕೋಲಿನ ಕಡೆಗೆ ಬಾಗಿದ. ಅವನ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಮನೆ ಬಳಸಿ ಹೋದರೆ ಹೊತ್ತು ಮೀರುತ್ತದೆ. ಹೂವಮ್ಮ ನಡುಮನೆಗೆ ನುಗ್ಗಿದಳು. ಬಾಗಿಲಲ್ಲಿ ಹೆಣ್ಣಿನ ಅಜ್ಜಿ ವೆಂಕಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಎಲ್ಲಿಗೇ ಬಂದೆ?" ಎಂದಳು ಅಡ್ಡ ನಿಂತು. "ಧಾರೆ ಮುಗೀಲಿ. ಹೋಗು ಹಿಂದೆ."

ಹೂವಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಆರತಿಯ ನೀರು ತುಳುಕಿತು. ಮಂಟಪದ ಮುಂದೆ ಹಾದಳು, ಹಾಸಿದ್ದ ಜಮಖಾನ ತುಳಿದಳು. ಯಾರೋ ಅಯ್ಯೋ ಎಂದರು. ವಾಲಗ ನಿಂತಿತು. ಅವಳು ಯಾರ ಮುಖವನ್ನೂ ನೋಡಲಿಲ್ಲ. ನೋಡಿದ್ದು ವಾಸಪ್ಪನ ಕೈಯನ್ನು. ಬೋರ್ಡಿನಿಂದ ಪ್ಲಗ್ಗನ್ನು ಕಿತ್ತು ಎಸೆದಳು. ಆಗ ಅವನ ಬೆರಳು ಕೋಲಿನಿಂದ ಒಂದು ಗೇಣು ದೂರವಿತ್ತು.

"ಅತ್ತಿಗೆ, ಎಂತ ಮಾಡ್ತಿದೀರಿ? ಜನ ನೋಡ್ತಿದಾರೆ."

"ನೋಡ್ಲಿ. ಮೈಕ್ ಮುಟ್ಬೇಡ."

ಕಾಯಿ ಒಡೆಯಲು ಇಟ್ಟಿದ್ದ ಕತ್ತಿ ಅಲ್ಲೇ ಇತ್ತು. ಅವಳು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಡಮಗ್ಗುಲನ್ನು ಕೆರೆದಳು. ನೀಲಿ ಸುರುಳಿ ಸುರುಳಿಯಾಗಿ ಎದ್ದಿತು, ಆಮೇಲೆ ಕೆಂಪು. ಕತ್ತಿಯ ತುದಿ ತಗಡಿಗೆ ತಾಗಿ ಕರ್ ಎಂದಿತು. ಆ ಸದ್ದಿಗೆ ಅವಳ ಕಣ್ಣು ತುಂಬಿತು. ಕೈ ನಿಲ್ಲಲಿಲ್ಲ.

"ಈಗ ಹಾಕು. ಮೊದ್ಲು ಹೆಂಗೆ ಹಾಕಿದ್ದೆ, ಹಂಗೇ. ಇಲ್ಲಿಗೆ ಟೆಸ್ಟರ್ ಇಡು."

ವಾಸಪ್ಪ ಪ್ಲಗ್ಗು ಹಾಕಿದ. ಕೆರೆದ ಜಾಗಕ್ಕೆ ಟೆಸ್ಟರ್ ಇಟ್ಟ. ದೀಪ ಹತ್ತಿತು. ಕೆಂಪಗೆ.

ಗಿರಿಯಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ವಾಸಪ್ಪನ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ಹೂವಮ್ಮನೇ ಪ್ಲಗ್ಗು ಕಿತ್ತು, ತಿರುಗಿಸಿ, ಮತ್ತೆ ತೂರಿಸಿದಳು. ದೀಪ ಹತ್ತಲಿಲ್ಲ. ಅಷ್ಟಕ್ಕೇ ಅವಳು ನಂಬಲಿಲ್ಲ. ದುಗ್ಗಪ್ಪ ಮಾಡುತ್ತಿದ್ದ ಹಾಗೆ ಅಂಗೈ ಮಗುಚಿ, ಬೆರಳಿನ ಹಿಂಬದಿಯನ್ನು ಮೊದಲು ಪೆಟ್ಟಿಗೆಗೆ ತಾಗಿಸಿದಳು. ಆಮೇಲೆ ಮೈಕಿನ ಕೋಲಿಗೆ. ಏನೂ ಆಗಲಿಲ್ಲ.

"ಈಗ ಮುಟ್ಟು," ಎಂದಳು.

ವೆಂಕಮ್ಮ ಬಾಗಿಲಿನಿಂದಲೇ ಏನೋ ಅನ್ನುತ್ತಿದ್ದಳು. ಶಕುನ, ಮುಂಡೆ, ಇಂಥ ಮಾತು. ಗಿರಿಯಪ್ಪ ಅವಳಿಗೆ ಉತ್ತರ ಕೊಡಲಿಲ್ಲ. ಹೂವಮ್ಮನಿಗೆ ಒಳ್ಳೆಯ ಮಾತನ್ನೂ ಆಡಲಿಲ್ಲ. ಒಂದು ಮಣೆ ತರಿಸಿ, ಶಲ್ಯದಲ್ಲಿ ಕಾಲು ಒರೆಸಿಕೊಂಡು, ಮೈಕಿನ ಹತ್ತಿರ ಅದರ ಮೇಲೆ ನಿಂತ. "ಆಯ್ತಲ್ಲ ತಾಯಿ, ಇನ್ನು ಹಿಂದೆ ಹೋಗು," ಎಂದ ಮೆಲ್ಲಗೆ. ಆ ಮಾತು ಮೈಕಿಗೆ ಬಿದ್ದು ಗುಡ್ಡದಾಚೆಗೂ ಕೇಳಿತು.

ಅವಳು ಹಿಂದೆ ಹೋದಳು. ಚೆಲ್ಲಿದ್ದ ಸೌತೆಕಾಯಿಯನ್ನು ಪುಷ್ಪಮ್ಮ ಬಳಿದು ಇಟ್ಟಿದ್ದಳು. ತನ್ನ ಮಣೆಯನ್ನು ಹೂವಮ್ಮನ ಕಡೆಗೆ ದೂಡಿದಳು. ಊಟದವರೆಗೂ ಸೆಟ್ಟು ಹಾಡಿತು. ಹೂವಮ್ಮ ಒಂದು ತುತ್ತೂ ಉಣ್ಣಲಿಲ್ಲ.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ತುಂಗಮ್ಮ ಜಗಲಿಯಲ್ಲಿ ಕೂತಿದ್ದಳು. ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ವಾಸಪ್ಪ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಬೇಡ ಎಂದು ಹೂವಮ್ಮ ಕಣ್ಣು ಮಾಡಲಿಲ್ಲ. ಅವಳು ಪೆಟ್ಟಿಗೆ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದಳು. ಮೆಟ್ಟಿಲು ಹತ್ತಿರಲಿಲ್ಲ.

ತುಂಗಮ್ಮ ಇಳಿದು ಬಂದಳು. ನೀಲಿಯ ನಡುವೆ ಕೆರೆದ ಜಾಗವನ್ನು ಹೆಬ್ಬೆರಳಿನಲ್ಲಿ ಸವರಿದಳು.

"ಕೆರೆದಿದ್ದು ನೀನೇನಾ?"

"ನಾನೇ."

"ಬಣ್ಣ ಬಳಿದಿದ್ದು?"

"ಅದೂ ನಾನೇ ಅತ್ತೆ."

ತುಂಗಮ್ಮನ ಹೆಬ್ಬೆರಳು ಅಲ್ಲೇ ಇತ್ತು. ಆಮೇಲೆ ಪೆಟ್ಟಿಗೆಯ ಒಂದು ಕಡೆ ತಾನು ಹಿಡಿದಳು.

"ಭಾರ ಉಂಟು. ಹಿಡಿ ಆಚೆಗೆ," ಎಂದಳು. "ಕೈಕಾಲು ತೊಳ್ಕೊ. ಗಂಜಿ ಆರ್ತಿದೆ."

ಇಬ್ಬರೂ ಸೇರಿ ಅದನ್ನು ಮೆಟ್ಟಿಲು ಹತ್ತಿಸಿದರು.