ಕಿಟಕಿಗೆ ತುರುಕಿದ ಕೌದಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಬಾಗಲಕೋಟೆಯ ಹಾಸ್ಟೆಲಿನಲ್ಲಿ ತಣ್ಣನೆಯ ರೊಟ್ಟಿ ತಿಂದು ಬಿ.ಎಸ್ಸಿ. ಮುಗಿಸಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅಲ್ಲಿ ಕಲಿತ ಒಂದು ಪಾಠವನ್ನು ನನ್ನನ್ನು ಸಾಕಿದ ಆಯಿಯ ಮುಂದೆ ಎಂದೂ ಬಾಯಿಬಿಟ್ಟು ಹೇಳಲಾಗಲಿಲ್ಲ.

ಆಯಿ ಎಂದರೆ ಅವ್ವನ ಅವ್ವ. ಅವ್ವ ನನ್ನನ್ನು ಹಡೆದ ಹಸಿ ಮೈಯಲ್ಲೇ ಜ್ವರ ಬಂದು ತೀರಿಕೊಂಡಿದ್ದಳು. ಬಾಣಂತಿಗೆ ಗಾಳಿ ಹೊಕ್ಕಿತು ಎಂದರು ಎಲ್ಲರೂ. ಮಗಳನ್ನು ಒಯ್ದ ಆ ಗಾಳಿಯನ್ನು ಆಯಿ ಕಡೆತನಕ ಕ್ಷಮಿಸಲಿಲ್ಲ.

ಅಕ್ಕ ಚೊಚ್ಚಲ ಹೆರಿಗೆಗೆ ಇಳಕಲ್ಲಿನ ನಮ್ಮ ಮನೆಗೆ ಬಂದದ್ದು ಚಳಿಗಾಲದಲ್ಲಿ. ಹೆಣ್ಣು ಹುಟ್ಟಿತು. ಪಡಸಾಲೆಯಲ್ಲಿ ಅಪ್ಪನ ಮಗ್ಗ, ಅದರ ಹಿಂದಿನ ಕತ್ತಲೆಯ ಕೋಣೆ ಬಾಣಂತಿಗೆ. ಇದ್ದೊಂದು ಕಿಟಕಿಗೆ ಆಯಿ ಹಳೆಯ ಸೀರೆಗಳನ್ನು ಹೊಲಿದ ಕೌದಿ ತುರುಕಿದಳು. ಮಾಳಿಗೆಯ ಬೆಳಕಿಂಡಿಯ ಮೇಲೆ ಪರಾತ ಬೋರಲು ಹಾಕಿಸಿದಳು. ಅಕ್ಕ ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಇದ್ದಿಲ ಕೆಂಡ, ಸಗಣಿಯ ಕುಳ್ಳು ತುಂಬಿ, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಉದುರಿಸುತ್ತಿದ್ದಳು. ನೀರೆರೆದ ಮೇಲೆ ತಾಯಿ ಮಗು ಇಬ್ಬರಿಗೂ ಹೊಗೆ ಹಾಕಿ ಬಾಗಿಲು ಎಳೆದುಬಿಡುವಳು. ತಾನೂ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಬರುವಳು.

"ಬಾಣಂತನ ಅಂದ್ರ ನಿಮ್ಮನಿದು ನೋಡ್ರಿ ಆಯಿ," ಎಂದು ಓಣಿಯ ಹೆಂಗಸರು ಹೊಗಳುತ್ತಿದ್ದರು.

ನಾನು ರಜೆಗೆ ಬಂದಾಗ ಅಕ್ಕನ ಮುಖ ಬಾಡಿತ್ತು. "ತಲಿ ಸಿಡಿತೈತಿ ಬೇ. ಹೊಟ್ಟಿ ತೊಳಸಿ ಬರ್ತೈತಿ," ಎಂದಳು.

ಆಯಿ ಅದನ್ನು ಕೇಳಿಸಿಕೊಂಡಳು. "ಎಲ್ಲಿಂದೋ ಗಾಳಿ ಹೊಕ್ಕೈತಿ," ಎಂದು ಬಾಗಿಲ ಸಂದಿಗೂ ಅರಿವೆ ತುರುಕಿ, ಅಗ್ಗಿಷ್ಟಿಕೆಗೆ ಇನ್ನಷ್ಟು ಇದ್ದಿಲು ಸುರಿದಳು. ತಲೆನೋವು ಹೆಚ್ಚಾಯಿತು. ಬೆಂಕಿಯೂ ಹೆಚ್ಚಾಯಿತು.

ಆ ಕೋಣೆಯಲ್ಲಿ ಕೂತರೆ ನನಗೇ ಉಸಿರು ಕಟ್ಟುತ್ತಿತ್ತು. ಆಯಿ ಹಿತ್ತಲಿಗೆ ಹೋದದ್ದು ನೋಡಿ ಕಿಟಕಿಯ ಕೌದಿ ಎಳೆದು ಹಾಕಿದೆ. ಅಕ್ಕ ಅತ್ತ ಮುಖ ತಿರುಗಿಸಿ, "ಹಾಯ್ ಅನಸ್ತೈತಿ ನೋಡು," ಎಂದಳು. ಮಗು ಅವಳ ಮಗ್ಗುಲಲ್ಲಿ ತಲೆಗೆ ಕುಂಚಿಗೆ ಕಟ್ಟಿಕೊಂಡು ಮಲಗಿತ್ತು.

ಅಷ್ಟರಲ್ಲಿ ಆಯಿ ಬಂದಳು. "ಏನ್ ಮಾಡಿದ್ಯೇ ನಮ್ಮವ್ವಾ! ಕಾಲೇಜ್ ಕಲ್ತು ತಲಿ ತಿರಗೇತೇನ ನಿನಗ? ನಿಮ್ಮವ್ವನ್ನ ಹಿಂಗ ಕಳಕೊಂಡೇನಿ. ಇಕಿನ್ನೂ ಕಳಕೊಳ್ಳಲೇನ?" ಬೈಯುತ್ತಲೇ ಅಳುತ್ತಿದ್ದಳು. ಕೌದಿಯನ್ನು ಮೊದಲಿಗಿಂತ ಬಿಗಿಯಾಗಿ ತುರುಕಿದಳು. ಒಳಗೆ ಬಂದ ಗಾಳಿಯ ನಂಜು ಇಳಿಯಲೆಂದು ಕೆಂಡವನ್ನೂ ಹೆಚ್ಚಿಸಿದಳು.

ಮರುದಿನ ಆಯಿ ಎರೆದು, ಹೊಗೆ ಹಾಕಿ, ಬಾಗಿಲು ಎಳೆದಿದ್ದಳು. ಮಧ್ಯಾಹ್ನ ಅಂಟಿನುಂಡಿ ಹಿಡಿದು ಒಳಗೆ ಹೋದವಳು ಚೀರಿದಳು. ಅಕ್ಕನಿಗೆ ಎಚ್ಚರವಿರಲಿಲ್ಲ. ಮಗುವಿನ ಮುಖ ಕೆಂಪಾಗಿತ್ತು, ಉಸಿರಿರಲಿಲ್ಲ. ಅಪ್ಪ ಅಕ್ಕನನ್ನು ಎತ್ತಿ ಅಂಗಳಕ್ಕೆ ತಂದು ಮಲಗಿಸಿದ. ಹೊರಗಿನ ಗಾಳಿಗೆ ಅವಳು ಮೆಲ್ಲಗೆ ಕಣ್ಣು ಬಿಟ್ಟು, ಮೊದಲು ಕೈಯಿಂದ ಮಗ್ಗುಲು ತಡವಿದಳು.

ಓಣಿಯವರು ಅಂದದ್ದು ಒಂದೇ ಮಾತು: "ತಂಗಿ ಕಿಟಕಿ ತಗದಿದ್ದಳಂತ." ಆಯಿಯೂ ಅದನ್ನೇ ನಂಬಿದಳು. ಅಕ್ಕ ಬಹಳ ದಿನ ನನ್ನ ಕಡೆ ನೋಡಲಿಲ್ಲ. ನಾನೂ ನಂಬಿದೆ. ಹಾಸ್ಟೆಲಿನಲ್ಲಿ ಯಾರಾದರೂ ಕಿಟಕಿ ತೆರೆದರೆ ಎದ್ದು ಹೋಗುತ್ತಿದ್ದೆ.

ಮುಂದಿನ ವರ್ಷ ರಸಾಯನಶಾಸ್ತ್ರದ ಗುರುಗಳು ಕಾರ್ಬನ್ ಮೊನಾಕ್ಸೈಡಿನ ಪಾಠ ಮಾಡಿದರು. ಬಣ್ಣವಿಲ್ಲ, ವಾಸನೆಯಿಲ್ಲ ಎಂದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಅದು ತುಂಬಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ಎಚ್ಚರ ತಪ್ಪುವುದು. ಬೇಗ ಬಯಲಿಗೆ ತಂದರೆ ಬದುಕಬಹುದು ಎಂದರು.

ಆ ಶನಿವಾರವೇ ಇಳಕಲ್ಲಿಗೆ ಹೋದೆ. ತಪ್ಪು ನನ್ನದಲ್ಲ ಎಂದು ಕೂಗಿ ಹೇಳಬೇಕೆಂದು ಬಸ್ಸಿನ ತುಂಬ ಮಾತು ಜೋಡಿಸಿಕೊಂಡಿದ್ದೆ. ಆಯಿ ಕಟ್ಟೆಯ ಮೇಲೆ ಕೂತು ಅದೇ ಕುಂಚಿಗೆಯನ್ನು ತೊಡೆಯ ಮೇಲೆ ಹರವಿ ಮಡಿಕೆ ಬಿಡಿಸುತ್ತಿದ್ದಳು. ಕಿಟಕಿಯಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ಅಗ್ಗಿಷ್ಟಿಕೆ ಎನ್ನಬೇಕು. ಅದನ್ನು ತುಂಬಿದ ಕೈ ಯಾವುದು? "ಚಹಾ ಕುಡಿತೀ ಏನ್ ಬೇ?" ಎಂದಳು. ಹೂಂ ಎಂದೆ.

ಅಕ್ಕನಿಗೆ ಮಾತ್ರ ಹೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನನ್ನ ಕೈ ಹಿಡಿದು, "ಆಯಿಗಿ ಹೇಳಬ್ಯಾಡ. ಎದಿ ಒಡಕೊಂಡು ಸಾಯ್ತಾಳ," ಎಂದಳು.

ಅಕ್ಕ ಮತ್ತೆ ಬಸುರಾಗುವ ಹೊತ್ತಿಗೆ ನಾನು ಹುನಗುಂದದಲ್ಲಿ ಹೈಸ್ಕೂಲು ಮಾಸ್ತರಿಣಿ. ದವಾಖಾನೆ ಹತ್ತಿರ ಎಂಬ ನೆಪ ಹೇಳಿ ಬಾಣಂತನ ನನ್ನ ಬಾಡಿಗೆ ಮನೆಯಲ್ಲೇ ಎಂದು ಹಟ ಹಿಡಿದೆ. ಗಂಡು ಹುಟ್ಟಿತು. ಸುದ್ದಿ ಮುಟ್ಟಿದ್ದೇ ತಡ, ಆಯಿ ಅಗ್ಗಿಷ್ಟಿಕೆಯನ್ನು ಹಳೆ ಸೀರೆಯಲ್ಲಿ ಕಟ್ಟಿಕೊಂಡು ಬಸ್ಸಿಳಿದಳು. ಪಡಸಾಲೆಯಲ್ಲೇ ಕೆಂಡ ಹೂಡಿ, ಎತ್ತಿಕೊಂಡು ಕೋಣೆಗೆ ಬಂದಳು. ಎರಡೂ ಕಿಟಕಿ ತೆರೆದಿದ್ದವು. ಮಗು ಬೆಳಕಿನಲ್ಲಿ ಕೈಕಾಲು ಆಡಿಸುತ್ತಿತ್ತು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಬ್ಯಾಡ ಆಯಿ. ಇದನ್ನ ಒಳಗ ತರಬ್ಯಾಡ."

ಬೈಯುತ್ತಾಳೆಂದು ಕಾದೆ. ಅವಳು ಕೆಂಡವನ್ನು ನೋಡಿದಳು, ಕಿಟಕಿಯನ್ನು ನೋಡಿದಳು.

"ಖರೆ ಹೇಳು. ಅವತ್ತ ಆ ಕೂಸು ಗಾಳಿಗೇ ಹೋತೇನು?"

ಹೊರಸಿನ ಮೇಲಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಹೌದು ಆಯಿ. ಗಾಳಿಗೇ. ನಾ ಕಿಟಕಿ ತಗದಿದ್ದೆ."

 ಆಯಿ ಅಗ್ಗಿಷ್ಟಿಕೆಯನ್ನು ಹಿತ್ತಲಿಗೆ ಒಯ್ದು ಕೆಂಡದ ಮೇಲೆ ತಂಬಿಗೆ ನೀರು ಸುರಿದಳು. ಒಳಗೆ ಬರಲು ಬಹಳ ಹೊತ್ತಾಯಿತು. ಬಂದಾಗ ಕಣ್ಣು ಕೆಂಪಾಗಿದ್ದವು. "ಕಣ್ಣಾಗ ಹೊಗಿ ಹೊಕ್ಕೈತಿ," ಎಂದಳು.